ನಮ್ಮವರು ಓದಿದ ಕೊನೆಯ ಪುಟ

ಗೆಳತಿಯರೇ, ಮಧ್ಯಾಹ್ನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮದ್ರಾಸಿನಿಂದ ತರಿಸಿದ ಕಾದಂಬರಿಯನ್ನು ನಮ್ಮವರು ಇವತ್ತು ಹೊಸಪೇಟೆಯ ಮನೆಯ ಪಡಸಾಲೆಯಲ್ಲಿ ಅತ್ತೆಗೂ ನನಗೂ ಓದಿ ಮುಗಿಸಿದರು. ಪ್ರೀತಿಯ ಹೆಸರಿನಲ್ಲಿ ಹೆಂಡತಿಯನ್ನು ಬೊಂಬೆಯಂತೆ ಆಡಿಸುವ ಒಬ್ಬ ತತ್ವಜ್ಞಾನಿಯ ಕಥೆ.

"ಕೊನೆಗೆ ಅವಳು ಗಂಡನ ಪಾದಕ್ಕೆರಗಿ ಕ್ಷಮೆ ಬೇಡಿದಳು" ಎಂದು ಓದಿ ಪುಸ್ತಕ ಮುಚ್ಚಿದರು.

ಆ ಪುಟವನ್ನು ನಾನು ನಿನ್ನೆಯೇ ಕದ್ದು ಓದಿದ್ದೆ. ಅವಳು ಮನೆ ಬಿಟ್ಟೇ ಹೋಗುತ್ತಾಳೆ!

ಅಕ್ಷರ ಬಾರದ ಅತ್ತೆ ಶೇಂಗಾ ಸುಲಿಯುತ್ತಲೇ ಅಂದರು: "ಸುಳ್ಳು ಓದಬ್ಯಾಡಲೇ. ಅಂಥಾಕಿ ಯಾಕ ಕಾಲಿಗೆ ಬೀಳ್ತಾಳ?"

ಇವರು ನನ್ನತ್ತ ತಿರುಗಿದರು. "ನೀ ಏನಂತಿ?"

"ನೀವು ಓದಿದ್ದೇ ಖರೇರಿ" ಎಂದೆ.

ಕಾದಂಬರಿಯಲ್ಲಿ ಮೋಸಗಾರ ಒಬ್ಬನೇ. ನಮ್ಮ ಮನೆಯಲ್ಲಿ ಇಬ್ಬರಾದೆವು.