ಗೋಡೆಯ ಮೇಲಿನ ಕೊಂಬು

ಒಮಾನ್‌ನ ಅಲ್ ಮಬೇಲಾದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಮೈಸೂರಿನ ಎಂಜಿನಿಯರು ತರಕಾರಿ ತರಲು ಹೊರಟರೂ ಮೊಣಕಾಲೆತ್ತರದ ಬೂಟು ಹಾಕುತ್ತಿದ್ದರು. "ಮೊದಲು ಗೇರ್ ಸರಿಯಾಗಿರ್ಬೇಕು ಸಾರ್, ಬೇಟೆ ಆಮೇಲೆ" ಎನ್ನುವುದು ಅವರ ನಿತ್ಯದ ಮಾತು. ಎರಡು ಜೊತೆ ಕಾಲುಚೀಲ ಏಕೆ ಬೇಕು, ಬೈನಾಕ್ಯುಲರ್ ಗಾಜನ್ನು ಯಾವ ಬಟ್ಟೆಯಲ್ಲಿ ಒರೆಸಬೇಕು ಎಂದು ಮೆಟ್ಟಿಲ ಮೇಲೆ ನಿಲ್ಲಿಸಿ ಪಾಠ ಮಾಡುತ್ತಿದ್ದರು.

ಅವರ ನಡುಮನೆಯ ಗೋಡೆಯ ಮೇಲೆ ಕೊಂಬುಳ್ಳ ಬುರುಡೆಯೊಂದಿತ್ತು. "ಬೆಟ್ಟದಲ್ಲಿ ನಾನೇ ಹೊಡೆದ ಕಾಡುಮೇಕೆ. ಬುರುಡೆ ಸಣ್ಣ ಉರಿಯಲ್ಲಿ ಬೇಯ್ಬೇಕು, ಕೊಂಬಿಗೆ ನೀರು ತಾಗ್ಬಾರ್ದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದು ಶುಕ್ರವಾರ ನಾನು ಅಲ್ಲಿದ್ದಾಗ, ಅವರ ಕಂಪನಿಯ ವೀಸಾ ಕೆಲಸ ನೋಡುವ ಒಮಾನಿ ಚಹಾಕ್ಕೆ ಬಂದ. ಅವನಿಗೂ ಅದೇ ಪಾಠವಾಯಿತು. ಅವನು ಲೋಟ ಕೆಳಗಿಟ್ಟು ಹರಕು ಹಿಂದಿಯಲ್ಲಿ ಹೇಳಿದ: "ಕಾಡುಮೇಕೆ ಹೊಡೆದರೆ ಇಲ್ಲಿ ಜೈಲು. ಆಮೇಲೆ ವೀಸಾ ರದ್ದು, ವಾಪಸ್ ಇಂಡಿಯಾ. ಖಲಾಸ್."

ಎಂಜಿನಿಯರು ತಟ್ಟನೆ ಜೇಬಿನಿಂದ ಫೋನು ತೆಗೆದರು. "ಕಾಡಿನದ್ದಲ್ಲ, ನಮ್ಮ ಮನೆ ಮಾಲೀಕರ ಈದ್ ಮೇಕೆ. ತಲೆ ಮಾತ್ರ ಕೇಳಿ ಇಸ್ಕೊಂಡೆ" ಎನ್ನುತ್ತ ಸಾಕ್ಷಿಗೆಂದು ಫೋನಿನಲ್ಲಿದ್ದ ಫೋಟೊ ತೋರಿಸಿದರು.

ಒಮಾನಿ ನಗು ತಡೆಯುತ್ತ ಫೋನನ್ನು ನನ್ನ ಕಡೆ ಚಾಚಿದ. ಕೊರಳಿಗೆ ಹಗ್ಗ ಕಟ್ಟಿದ ಮೇಕೆ ನಮ್ಮ ಬೇಟೆಗಾರರ ಅಂಗೈಯಿಂದ ಖುಬೂಸ್ ರೊಟ್ಟಿ ತಿನ್ನುತ್ತಿತ್ತು. ಗೇರ್ ಮಾತ್ರ ಸರಿಯಾಗಿತ್ತು: ಅಂದೂ ಬೂಟು ಹಾಕಿದ್ದರು.