ಕಂಬಳಿ ಹೊದ್ದ ಕಂಪ್ಯೂಟರ್

ಬಿಳಿ ಟೆರಿಕಾಟ್ ಶರ್ಟಿನ ಎಡಹೆಗಲ ಮೇಲೆ ಸದಾ ಎರಡೋ ಮೂರೋ ಕರಿ ಉಣ್ಣೆಯ ಎಳೆ. ನಮ್ಮ ಫಿಸಿಕ್ಸ್ ಸರ್ ಅಂದರೆ ನನಗೆ ಮೊದಲು ನೆನಪಾಗುವುದು ಅದು, ಮುಖ ಆಮೇಲೆ. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಮಧುಗಿರಿಗೆ ಬಂದು, ಇಲ್ಲಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವಳು. ನೀಟ್‌ನೆಸ್ ಅನ್ನುವುದನ್ನು ನಮ್ಮ ಸಿಸ್ಟರ್‌ಗಳು ಪ್ರಾರ್ಥನೆಯ ಜೊತೆಗೇ ಬಾಯಿಪಾಠ ಮಾಡಿಸಿದ್ದರು. ತಡೆಯಲಾರದೆ ಒಂದು ದಿನ, "ಎಕ್ಸ್‌ಕ್ಯೂಸ್ ಮಿ ಸರ್, ನಿಮ್ಮ ಶೋಲ್ಡರ್ ಮೇಲೆ…" ಅಂದೆ.

"ಇರ್ಲಿ ಬುಡಿ ಮೇಡಂ. ಅದು ನಮ್ಮೂರಿನ ವಿಸಿಟಿಂಗ್ ಕಾರ್ಡು."

ಅವರ ಊರು ಪಾವಗಡದಾಚೆಯ ರಾಯಚರ್ಲು. ಕುರಿ ಕಾಯುವ ಮನೆತನ. ತಾಯಿ ಕೈಯಾರೆ ನೂತ ಉಣ್ಣೆಯ ಕಂಬಳಿಯೊಂದು ಬೆಳಿಗ್ಗೆ ಅವರ ಹೆಗಲೇರಿ ಕಾಲೇಜಿಗೆ ಬಂದು, ಸ್ಟಾಫ್ ರೂಮಿನ ಕುರ್ಚಿಯ ಬೆನ್ನಿಗೆ ಕೂತು, ಸಂಜೆ ಹೆಗಲೇರಿಯೇ ಮನೆಗೆ ಹೋಗುತ್ತಿತ್ತು. ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ, ಮಧ್ಯಾಹ್ನ ಬೇವಿನ ಮರದಡಿ ಊಟಕ್ಕೆ ಕೂರಲು ಚಾಪೆ. ಸ್ಟ್ಯಾಟಿಕ್ ಎಲೆಕ್ಟ್ರಿಸಿಟಿ ಪಾಠದ ದಿನ ಅದು ಲ್ಯಾಬಿಗೂ ಹೋಗುತ್ತಿತ್ತು. ಎಬೊನೈಟ್ ಕಡ್ಡಿಯನ್ನು ಕಂಬಳಿಗೆ ತಿಕ್ಕಿ ಅವರು ಕಾಗದದ ಚೂರುಗಳನ್ನು ಮೇಲಕ್ಕೆ ಹಾರಿಸಿದರೆ, ಹುಡುಗಿಯರು "ಹೋ" ಅನ್ನುವುದು ಪಕ್ಕದ ನನ್ನ ಕ್ಲಾಸಿನವರೆಗೆ ಕೇಳುತ್ತಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ಸರ್‌ಗೆ ಒಂದು ಹುಚ್ಚು ಹತ್ತಿತು. ನಮ್ಮ ಹುಡುಗಿಯರಿಗೆ ಕಂಪ್ಯೂಟರ್ ಕಲಿಸಬೇಕು. ಶಿರಾ ಬಸ್ಸಿನಲ್ಲಿ, ಕೊರಟಗೆರೆ ಬಸ್ಸಿನಲ್ಲಿ ಬಂದು ಓದುವ ಮಕ್ಕಳು. ಅದನ್ನು ಕಲಿಯಲು ಬೆಂಗಳೂರಿಗೆ ಕಳಿಸುವ ಮನೆಗಳಲ್ಲ. ಕಂಪನಿಯ ಮೆಷಿನ್ನು ತರಿಸುವ ಶಕ್ತಿ ಕಾಲೇಜಿಗಿಲ್ಲ ಎಂದು ಕಮಿಟಿಯವರು ಕೈಚೆಲ್ಲಿದಾಗ ಸರ್, "ಬಿಡಿಬಿಡಿಯಾಗಿ ತಂದು ನಾನೇ ಜೋಡುಸ್ತೀನಿ" ಅಂದುಬಿಟ್ಟರು. ರಜೆ ಬಂದಾಗಲೆಲ್ಲ ಬೆಂಗಳೂರಿಗೆ ಹೋಗಿ ಒಂದೊಂದೇ ಭಾಗ ತಂದರು. ಮಾನಿಟರನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದಾಗ ಕಂಡಕ್ಟರ್, "ಮಗೀಗೂ ಅರ್ಧ ಟಿಕೆಟ್ ಕೊಡ್ಲಾ ಸಾ?" ಅಂದನಂತೆ.

ಕಾಲೇಜಿನ ಮೂಲೆಯ ರೂಮಿನಲ್ಲಿ ಎಲ್ಲ ಜೋಡಣೆಯಾಗಿ, ಮೆಷಿನ್ನಿನೊಳಗಿನ ಫ್ಯಾನ್ ತಿರುಗಿ, ಪರದೆ ಹಸಿರಾಗಿ ಬೆಳಗಿತು. ನಾನು ಚಪ್ಪಾಳೆ ತಟ್ಟಿದೆ. ಸರ್ ಇಲ್ಲವೆಂದು ಅಡ್ಡಡ್ಡ ತಲೆಯಾಡಿಸಿದರು. "ಕುರಿ ಎಲ್ಲಾ ಸೇರವೆ ಮೇಡಂ, ಕಾಯೋನು ಇನ್ನೂ ಬಂದಿಲ್ಲ. ಆಪರೇಟಿಂಗ್ ಸಿಸ್ಟಂ ಅಂತಾರಲ್ಲ, ಅವ್ನು ಈ ಫ್ಲಾಪಿ ಒಳಗವ್ನೆ. ಕರ್ಕಂಬಂದು ಹಾರ್ಡ್ ಡಿಸ್ಕಲ್ಲಿ ಕೂರುಸ್ಬೇಕು."

ಕಾಯುವವನು ಬರಲೊಲ್ಲ. ಫ್ಲಾಪಿ ಹಾಕಿದರೆ ಡ್ರೈವು ಗೊರಗೊರ ಅಂದು, ಅರ್ಧಕ್ಕೆ ನಿಂತು, ಪರದೆಯ ಮೇಲೆ "ಅಬಾರ್ಟ್, ರೀಟ್ರೈ, ಫೇಲ್?" ಎಂದು ಕೇಳುತ್ತಿತ್ತು.

"ಬನ್ನಿ ಮೇಡಂ, ಇದು ನಿಮ್ಮ ಸಬ್ಜೆಕ್ಟು."

"ಫೇಲ್ ಆಗೋದಕ್ಕೂ ಪರ್ಮಿಷನ್ ಕೇಳುತ್ತಲ್ಲ ಸರ್. ಹೌ ಪೊಲೈಟ್!"

ಸರ್ ಬೇರೆ ಎರಡನ್ನು ಎಂದೂ ಮುಟ್ಟಲಿಲ್ಲ. ರೀಟ್ರೈ ಒತ್ತುವರು, ಅದು ಮತ್ತೆ ನಿಲ್ಲುವುದು. ಆಗ ಮೆಷಿನ್ನಿನ ಬೆನ್ನು ತಟ್ಟಿ ತಮ್ಮ ಮನೆಯ ತೆಲುಗಿನಲ್ಲಿ "ಏಮಿರಾ ನೀ ಬಾಧ?" ಅನ್ನುವರು. ನಿನ್ನ ಕಷ್ಟ ಏನೋ ಎಂದು ಜ್ವರದ ಮಗುವನ್ನು ಕೇಳುವ ದನಿ ಅದು.

ಒಂದು ದಿನ ಫ್ಲಾಪಿ ಬದಲಾಯಿಸಿ ನೋಡಿದರು. ಇನ್ನೊಂದು ದಿನ ಡ್ರೈವಿನ ಕೇಬಲ್. ಮತ್ತೊಂದು ದಿನ, ನಮ್ಮೂರ ವೋಲ್ಟೇಜನ್ನು ಶಂಕಿಸಿ, ಸ್ಟೆಬಿಲೈಜರ್. ನನಗೆ ತಾಳ್ಮೆ ಕಡಿಮೆ. "ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಡಿ ಸರ್" ಅಂದೆ.

"ಮಂದೆ ನಿಂತ್ರೆ ಎಲ್ಲಾ ಕುರಿಗೂ ಕೋಲು ಬೀಸ್ಬಾರ್ದು ಮೇಡಂ. ಮೊದ್ಲು ನಿಂತಿದ್ದು ಯಾವ್ದು ಅಂತ ನೋಡ್ಬೇಕು. ಅದರ ಕಾಲಲ್ಲಿ ಮುಳ್ಳಿರ್ತದೆ."

ಕೊನೆಗೆ ಡ್ರೈವನ್ನೇ ಬಿಚ್ಚಿ, ಫ್ಲಾಪಿ ಓದುವ ಪುಟ್ಟ ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಸರಾಗ ಓಡಿತು! ಕುಣಿಯುವಷ್ಟರಲ್ಲಿ ಕರೆಂಟು ಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಪ್ರಶ್ನೆ.

"ಧೂಳು ಮೇಡಂ, ಧೂಳು" ಎಂದು ಸರ್ ತೀರ್ಪು ಕೊಟ್ಟರು. ಮೆಷಿನ್ನು ಜೋಡಿಸಿದಾಗಿನಿಂದಲೂ ಸಂಜೆ ಮನೆಗೆ ಹೊರಡುವ ಮುಂಚೆ ತಮ್ಮ ಕಂಬಳಿಯನ್ನೇ ಮೆಷಿನ್ನಿಗೆ ಹೊದಿಸುತ್ತಿದ್ದರು. ಈಗ ಎರಡು ಮಡಿಕೆ ಮಾಡಿ ಹೊದಿಸಿದರು, ಕ್ಲಾಸಿದ್ದಾಗ ಹಗಲಲ್ಲೂ ಹೊದಿಸಿದರು, ಅಂಚನ್ನು ಸುತ್ತಲೂ ಒತ್ತಿ ಸಿಕ್ಕಿಸಿದರು. ನಮ್ಮ ಅಟೆಂಡರ್ ಅಕ್ಕ ಕಸಪೊರಕೆ ಹಿಡಿದು ಬಾಗಿಲಲ್ಲಿ ನಿಂತು, "ಅದೇನ್ ಕಂಪೂಟ್ರೋ ಹಸಿ ಬಾಣಂತಿನೋ ಸಾ? ಸಾಂಬ್ರಾಣಿ ಹಾಕ್ಲಾ?" ಅಂದಳು.

ಸುದ್ದಿ ಕಮಿಟಿಯ ಅಧ್ಯಕ್ಷರಿಗೆ ಮುಟ್ಟಿತು. ಅಕ್ಕಿ ಗಿರಣಿಯ ಯಜಮಾನರು ಅವರು, ದನಿಯೂ ಗಿರಣಿಯದೇ. "ಏನ್ ಮೇಷ್ಟ್ರೇ, ನಿಮ್ ಪೆಟ್ಗೆ ಎದ್ದೈತೋ ಮಲ್ಗೈತೋ? ಸೋಮವಾರ ಬತ್ತೀವಿ. ಓಡಿದ್ರೆ ಕ್ಲಾಸು. ಓಡ್ದಿದ್ರೆ ರೂಮ್ನ ಟೈಲರಿಂಗ್‌ಗೆ ಬುಟ್ಕೊಡಿ, ಕಂಪೂಟ್ರು ಮಾತು ಮತ್ತೆ ಎತ್ಬೇಡಿ."

ಆ ವಾರವೆಲ್ಲ ಹುಡುಗಿಯರು ಆ ರೂಮಿನ ಕಿಟಕಿಯ ಮುಂದೆ ದನಿ ತಗ್ಗಿಸಿ ಓಡಾಡಿದರು, ಆಸ್ಪತ್ರೆಯಲ್ಲಿ ಓಡಾಡುವಂತೆ.

ಸೋಮವಾರ ಬೆಳಿಗ್ಗೆ ನಾನು ಬೇಗ ಹೋದೆ. ಸರ್ ಇಸ್ತ್ರಿಯ ಶರ್ಟಿನಲ್ಲಿ ಬಂದರು, ಕಣ್ಣು ಮಾತ್ರ ಬಾಡಿದ್ದವು. ಹುರಿದುಂಬಿಸಲು ಏನಾದರೂ ಹೇಳಬೇಕಲ್ಲ ಎಂದು, "ಸರ್, ಟುಡೇ ಯು ಆರ್ ಸ್ಪಾಟ್‌ಲೆಸ್! ಹೆಗಲ ಮೇಲೆ ಒಂದೂ ಎಳೆ ಇಲ್ಲ" ಎನ್ನುತ್ತ ಮೆಷಿನ್ನಿನ ಕಂಬಳಿ ಎಳೆದೆ. ಚಟಚಟ ಎಂದು ಕಿಡಿ! ತೋಳಿನ ಕೂದಲೆಲ್ಲ ನಿಂತುಕೊಂಡಿತು. "ಜೀಸಸ್!" ಎಂದು ಕಿರುಚಿದೆ.

"ಎಳೆ ಎಲ್ಲಿಂದ ಬಂದಾತು ಮೇಡಂ, ಕಂಬಳಿ ಅದರ ಮ್ಯಾಲೇ…"

ತಮ್ಮ ಹೆಗಲು ನೋಡಿಕೊಂಡರು. ನನ್ನ ಕೈಯಲ್ಲಿದ್ದ ಕಂಬಳಿ ನೋಡಿದರು. ಆಮೇಲೆ ಡ್ರೈವಿನ ಬಾಯಿ. ಸ್ಕ್ರೂಡ್ರೈವರ್ ತೆಗೆದುಕೊಂಡು ಬಿಚ್ಚಿ, ಹೆಡ್ಡಿನ ಮೇಲಿಂದ ಚಿಮಟದಲ್ಲಿ ಎತ್ತಿ ತೋರಿಸಿದರು: ಸುರುಳಿ ಸುತ್ತಿದ ಒಂದು ಕರಿ ಉಣ್ಣೆಯ ಎಳೆ.

"ವರ್ಷವರ್ಷ ಕಂಬಳಿಗೆ ತಿಕ್ಕಿ ಕಾಗದ ಹಾರ್ಸಿದೋನು ನಾನು! ಮುಳ್ಳು ಇಕ್ಕಿದೋನೂ ನಾನೇ!" ಎಂದು ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು.

ಸ್ಪಿರಿಟ್ ಹತ್ತಿಯಿಂದ ಒರೆಸಿ ಮುಚ್ಚುವ ಹೊತ್ತಿಗೆ ಅಧ್ಯಕ್ಷರು ಬಂದರು. ಅವರೆದುರೇ ಫ್ಲಾಪಿ ಒಳಗೆ ಹೋಯಿತು. ಗೊರಗೊರ ಶುರುವಾಯಿತು. ಅರ್ಧ ದಾಟಿತು. ಕಿಟಕಿಯ ಸರಳುಗಳಿಗೆ ಹುಡುಗಿಯರು ಮುಖ ಒತ್ತಿ ನಿಂತಿದ್ದರು. ನಾನು ಮರೆತೇಹೋಗಿದ್ದ ಕಾನ್ವೆಂಟಿನ "ಹೇಲ್ ಮೇರಿ" ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಕೊನೆಗೆ ಫ್ಲಾಪಿ ಹೊರತೆಗೆದು ಮೆಷಿನ್ನನ್ನು ಆರಿಸಿ ಹಚ್ಚಿದಾಗ, ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಗೆರೆ ಕಣ್ಣು ಮಿಟುಕಿಸುತ್ತ ನಿಂತಿತು.

"ಇಷ್ಟೇಯಾ?" ಅಂದರು ಅಧ್ಯಕ್ಷರು.

"ಕಾಯೋನು ಬಂದು ನಿಂತವ್ನೆ ಸಾರ್. ಏನ್ ಕೆಲ್ಸ ಹೇಳಿ ಅಂತ ಕಾಯ್ತಾವ್ನೆ."

"ಅಂಗಾದ್ರೆ ಇವತ್ತು ಯಾವ ತಾರೀಕು ಕೇಳಿ."

ಕೇಳಿದರೆ, ಎಂಬತ್ತನೇ ಇಸವಿಯ ಜನವರಿ ಒಂದು ಎಂದಿತು! ಅಧ್ಯಕ್ಷರ ಹೊಟ್ಟೆ ಕುಣಿಯಿತು. "ಏನ್ರೀ ಇದು, ವರ್ಷಗಟ್ಲೆ ನಿದ್ದೆ ಹೊಡ್ದೈತೆ!"

"ಈಗ್ತಾನೆ ಎದ್ದೈತಲ್ಲ ಸಾರ್. ನಾವು ಹೇಳಿಕೊಟ್ರೆ ಕಲ್ತ್ಕಳ್ತದೆ" ಎಂದು ಸರ್ ಕಿಟಕಿಯ ಕಡೆ ತಿರುಗಿ, ಮುಂದೆ ನಿಂತಿದ್ದ ಕೊರಟಗೆರೆ ಬಸ್ಸಿನ ಹುಡುಗಿಯನ್ನು ಕರೆದರು. ಅವಳು ಲಂಗಕ್ಕೆ ಕೈಯೊರೆಸಿಕೊಂಡು ಬಂದು, ಒಂದೊಂದೇ ಗುಂಡಿ ಹುಡುಕಿ, ಆ ದಿನದ ತಾರೀಕು ಒತ್ತಿದಳು. ಮತ್ತೆ ಕೇಳಿದಾಗ ಅವಳು ಹೇಳಿಕೊಟ್ಟದ್ದನ್ನೇ ಕಂಪ್ಯೂಟರ್ ಒಪ್ಪಿಸಿತು. ಅಧ್ಯಕ್ಷರು ಎದ್ದು, "ಟೈಲರಿಂಗ್‌ನೋರು ವರಾಂಡದಲ್ಲೇ ಕೂತ್ಕಳ್ಲಿ" ಅಂದರು.

ವರಾಂಡದಲ್ಲಿ ಕೂತ ಟೈಲರಿಂಗ್ ಕ್ಲಾಸಿನವರೇ ನನ್ನ ಹಳೆಯ ಹತ್ತಿ ಸೀರೆಯಲ್ಲಿ ಕಂಪ್ಯೂಟರಿಗೆ ಕವರ್ ಹೊಲಿದುಕೊಟ್ಟರು. ಕಂಬಳಿ ಸರ್ ಹೆಗಲಿಗೆ ಮರಳಿತು. ಆ ರೂಮಿನಿಂದ ಎಷ್ಟು ಬ್ಯಾಚ್ ಹುಡುಗಿಯರು ಕಲಿತು ಹೋದರೋ! ಮನೆಯಲ್ಲಿ ಮಾತು ಕೆಟ್ಟಾಗ, ಮೈ ಕೆಟ್ಟಾಗ, ಎಲ್ಲರ ಮೇಲೂ ಕೋಲು ಬೀಸದೆ ಮೊದಲು ನಿಂತ ಕುರಿ ಯಾವುದು ಎಂದು ಹುಡುಕುವುದನ್ನು ನಾನೂ ಕಲಿತೆ. ನನ್ನ ಕಾನ್ವೆಂಟಿನಲ್ಲಿ ಅದರ ಪಾಠ ಇರಲಿಲ್ಲ.

ನಾನು ರಿಟೈರ್ ಆದ ದಿನ ಸರ್ ಕಂಬಳಿ ಮಡಿಸಿ ನನ್ನ ಕೈಗಿಟ್ಟರು. "ನಮ್ಮಮ್ಮ ನೂತಿದ್ದು. ಮಿಷನ್‌ಗೆ ಆಗ್ಬರಲ್ಲ, ಮನುಷ್ರಿಗೆ ಆಗ್ತದೆ." ಆಮೇಲೆ ಅವರೂ ರಿಟೈರ್ ಆಗಿ ರಾಯಚರ್ಲಿಗೆ ಹೋದರು. ಹೋದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡರು. ನನ್ನ ಮೊಣಕಾಲು ಅಷ್ಟು ದೂರಕ್ಕೆ ಒಪ್ಪಲಿಲ್ಲ. ಕಂಬಳಿ ಹೊದ್ದು ಮನೆಯಲ್ಲೇ ಕೂತಿದ್ದೆ.

ಚಳಿಯ ಬೆಳಗಿನಲ್ಲಿ ಅದನ್ನು ಮೈಯಿಂದ ಎಳೆದರೆ ಈಗಲೂ ಚಟಚಟ ಅನ್ನುತ್ತದೆ. ಮೊನ್ನೆ ಯಾರದೋ ಮದುವೆಗೆ ಹೊರಟಿದ್ದಾಗ ಸೊಸೆ ಹತ್ತಿರ ಬಂದು, "ಅತ್ತೆ, ನಿಮ್ಮ ರೇಷ್ಮೆ ಸೀರೆ ಮೇಲೆ ಏನೋ ಕರಿ ಎಳೆ, ತೆಗೀಲಾ?" ಅಂದಳು.

"ಇರ್ಲಿ ಬಿಡಮ್ಮ. ಅದು ವಿಸಿಟಿಂಗ್ ಕಾರ್ಡು."