ದಾರಿ ನಡುವಿನ ಮರ

ನನ್ನ ನಾದಿನಿಯ ಕೆಲಸ ಹಲ್ಲು ಮಾಡುವುದು. ಅವಳು ಡಾಕ್ಟರಲ್ಲ. ಡಾಕ್ಟರು ತೆಗೆದ ಅಚ್ಚುಗಳು ಬಂದು ಸೇರುವ ಲ್ಯಾಬಿನಲ್ಲಿ ಕೂತು ಕಟ್ಟುಹಲ್ಲಿನ ಸೆಟ್ಟು ತಯಾರಿಸುತ್ತಾಳೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ತೆಳ್ಳನೆಯ ನೀಲಿ ಕಾಗದ ಇಟ್ಟು ಟಕ್ ಟಕ್ ಎಂದು ಕಚ್ಚಿಸುವುದು, ಎಲ್ಲಿ ನೀಲಿ ದಪ್ಪಗೆ ಹತ್ತಿತೋ ಅಲ್ಲಿ ಉಜ್ಜುವುದು, ಮತ್ತೆ ಕಚ್ಚಿಸುವುದು, ಮತ್ತೆ ಉಜ್ಜುವುದು. ದಿನವಿಡೀ ಇದೇ. ಮನೆಗೆ ಬಂದ ಮೇಲೂ ಇದೇ, ಏಕೆಂದರೆ ಅವಳಿಗೆ ಒಬ್ಬ ಅಣ್ಣನೂ ಒಬ್ಬ ತಮ್ಮನೂ ಇದ್ದಾರೆ.

ಅಣ್ಣನೆಂದರೆ ನನ್ನ ಯಜಮಾನರು. ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ತಮ್ಮ, ಅಂದರೆ ನನ್ನ ಮೈದುನ, ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾನೆ. ನಾವಿಬ್ಬರು ಕೆಳಗೆ, ಅವನು ಮಹಡಿಯ ಮೇಲೆ, ನಾದಿನಿ ಮೆಟ್ಟಿಲ ಬುಡದ ಕೋಣೆಯಲ್ಲಿ. ಊಟ ಮಾತ್ರ ಎಲ್ಲರದೂ ನನ್ನ ಅಡುಗೆಮನೆಯ ಮೇಜಿನ ಮೇಲೆ. ಅಣ್ಣ, ತಂಗಿ, ತಮ್ಮ ಮೂವರಿಗೂ ಹಿಡಿದಿರುವುದು ಒಂದೇ ಹುಚ್ಚು, ಕಂಪ್ಯೂಟರಿನಲ್ಲಿ ಆಡುವ ಒಂದು ಆಟ. ಪಾಳುಬಿದ್ದ ಹಳ್ಳಿಯನ್ನು ಮತ್ತೆ ಕಟ್ಟಿ ಬೆಳೆಸಬೇಕು. ಹೊಲ ಉಳಬೇಕು, ಗಾಡಿ ಹೊಡೆಯಬೇಕು, ಸಂತೆಗೆ ಸಾಮಾನು ಸಾಗಿಸಬೇಕು. ಮನೆಯಲ್ಲಿ ತಾವು ಕುಡಿದ ಲೋಟ ತೊಳೆಯದ ಗಂಡಸರು ಅಲ್ಲಿ ಸೂರ್ಯ ಹುಟ್ಟುವ ಮೊದಲೇ ಎದ್ದು ಕೊಟ್ಟಿಗೆ ಗುಡಿಸುತ್ತಾರೆ.

ಆಟದ ಕಂಪನಿಯವರು ಕೊಟ್ಟದ್ದು ಸಾಲದು ಎನ್ನುವವರು ತಾವೇ ಹೊಸತೇನಾದರೂ ಮಾಡಿ ಅದಕ್ಕೆ ಸೇರಿಸಬಹುದಂತೆ. ಅದಕ್ಕೆ ಮಾಡ್ ಎನ್ನುತ್ತಾರೆ. ಯಜಮಾನರದು ರಸ್ತೆಗಳ ಮಾಡ್. ಮೈದುನನದು ಮರಗಳ ಮಾಡ್. ಎರಡನ್ನೂ ಸಾವಿರಾರು ಜನ ಇಳಿಸಿಕೊಂಡು ಆಡುತ್ತಾರೆ. ಆದರೆ ಎರಡನ್ನೂ ಒಟ್ಟಿಗೆ ಹಾಕಿಕೊಂಡರೆ ರಸ್ತೆಯ ನಟ್ಟನಡುವೆ ಮರ ಎದ್ದು ನಿಲ್ಲುತ್ತದೆ. ಗಾಡಿಯ ಕುದುರೆ ಆ ಮರಕ್ಕೆ ಮುಖ ಒತ್ತಿಕೊಂಡು ನಿಂತಲ್ಲೇ ನಡೆಯುತ್ತಿರುತ್ತದೆ. ಅದರ ಹಿಂದೆ ಇನ್ನೊಂದು ಗಾಡಿ, ಅದರ ಹಿಂದೆ ಮತ್ತೊಂದು. ಸಂತೆಗೆ ಸಾಮಾನು ಬರುವುದಿಲ್ಲ, ಕೊನೆಗೆ ಆಟವೇ ನಿಂತುಹೋಗುತ್ತದೆ.

ಇದನ್ನು ಸರಿಪಡಿಸಲು ಎರಡರ ನಡುವೆ ಮೂರನೆಯದೊಂದು ಪುಟ್ಟ ಮಾಡ್ ಬೇಕು. ಯಾವ ಮರ ಎಷ್ಟು ಸರಿಯಬೇಕು, ಯಾವ ರಸ್ತೆ ಎಲ್ಲಿ ಬಾಗಬೇಕು ಎಂದು ಹೇಳುವ ತೇಪೆ, ಅಂದರೆ ಪ್ಯಾಚ್, ಅದು. ಅದನ್ನು ಹಾಕುವವಳು ನನ್ನ ನಾದಿನಿ. ಆಟ ಆಡುವವರು ಅವಳಿಗೆ ಪ್ಯಾಚಕ್ಕ ಎಂದು ಹೆಸರಿಟ್ಟಿದ್ದಾರೆ. ಅಣ್ಣನೋ ತಮ್ಮನೋ ತನ್ನ ಮಾಡ್‌ನಲ್ಲಿ ಏನಾದರೂ ಬದಲಾಯಿಸಿದ ಪ್ರತಿ ಸಲವೂ ಹಳೆಯ ತೇಪೆ ಕಿತ್ತುಬರುತ್ತದೆ, ಪ್ಯಾಚಕ್ಕ ಹೊಸದು ಹಾಕಬೇಕು.

ಒಂದೇ ಸೂರಿನಡಿ ಇರುವವರು ಮಾತಾಡಿಕೊಂಡು ಮಾಡಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿ ಕೇಳಿ ಬಾಯಿ ನೋಯಿಸಿಕೊಂಡಿದ್ದೇನೆ. ಅವರು ಮಾತು ಬಿಟ್ಟು ಎರಡು ವರ್ಷವಾಯಿತು. ಮೊದಲು ಇಬ್ಬರೂ ಸೇರಿ ಒಂದೇ ಮಾಡ್ ಮಾಡಿದ್ದರು. ಯಜಮಾನರಿಗೆ ಆತುರ ತಡೆಯಲಿಲ್ಲ. ಮೈದುನ ಅಂಗಡಿಯಲ್ಲಿದ್ದಾಗ ತಮ್ಮೊಬ್ಬರದೇ ಹೆಸರು ಹಾಕಿ ಅದನ್ನು ಹೊರಗೆ ಬಿಟ್ಟರು. ಕೇಳಿದರೆ, "ನಿನ್ನ ಹೆಸರು ಆಮೇಲೆ ಸೇರಿಸ್ತಿದ್ದೆ ಕಣೋ" ಎಂದರು. ಆ ಆಮೇಲೆ ಬರುವಷ್ಟರಲ್ಲಿ ಮೈದುನ ತನ್ನ ಮರಗಳನ್ನೆಲ್ಲ ಕಿತ್ತುಕೊಂಡು ಮಹಡಿ ಹತ್ತಿಯಾಗಿತ್ತು. ಅಂದಿನಿಂದ "ಉಪ್ಪು ಈ ಕಡೆ ಕಳಿಸೋಕೆ ಹೇಳು" ಎಂಬುದೂ ನಾದಿನಿಯ ಮೂಲಕವೇ ಹೋಗಬೇಕು. ಉಪ್ಪಿನ ಡಬ್ಬಿ ಇರುವುದು ಇಬ್ಬರ ನಡುವೆ, ಕೈ ಚಾಚಿದರೆ ಸಿಗುವಂತೆ.

ನಾದಿನಿಗೂ ಒಂದು ಆಸೆಯಿತ್ತು. ಆಟದ ಅಂಚಿನಲ್ಲಿ ಬರೀ ಸಮುದ್ರವಿದೆ. ಅಲ್ಲೊಂದು ದ್ವೀಪ ಮಾಡಿ, ಅದರ ಮೇಲೆ ದೀಪದ ಗೋಪುರ ಕಟ್ಟಿ, ತನ್ನದೇ ಒಂದು ಮಾಡ್ ಹೊರತರಬೇಕೆಂದಿದ್ದಳು. ಒಮ್ಮೆ ನನಗೆ ತೋರಿಸಿದಳು. ಗೋಪುರದೊಳಗೆ ಸುತ್ತಿ ಸುತ್ತಿ ಏರುವ ಮೆಟ್ಟಿಲು ಅರ್ಧಕ್ಕೇ ನಿಂತಿತ್ತು. ಕೆಳಗೆ ಬಾಗಿಲ ಬಳಿ ಒಬ್ಬ ಹೆಂಗಸು ಕೂತಿದ್ದಳು.

"ಇವಳ ಕೆಲಸ ಏನು?" ಎಂದೆ.

"ದೀಪ ಹಚ್ಚೋದು. ಮಿಕ್ಕ ಹೊತ್ತು ಅವಳನ್ನ ಯಾರೂ ಏನೂ ಕೇಳಲ್ಲ."

"ಅಷ್ಟೇನಾ?"

"ಅದಕ್ಕಿಂತ ಇನ್ನೇನು ಬೇಕು ಅತ್ತಿಗೆ?"

ಆ ಅರ್ಧ ಮೆಟ್ಟಿಲು ಬಹಳ ಕಾಲ ಹಾಗೇ ಇತ್ತು. ಅವಳು ಕೂತಾಗಲೆಲ್ಲ ಅಣ್ಣನ ಒಂದು ರಸ್ತೆ ಅಥವಾ ತಮ್ಮನ ಒಂದು ತೋಪು ಬಂದು ಬೀಳುತ್ತಿತ್ತು. ನೋಡಿ ನೋಡಿ ನನಗೇ ಮೈ ಉರಿಯುತ್ತಿತ್ತು.

ಒಂದು ಶನಿವಾರ ಮೆಟ್ಟಿಲು ಮುಗಿಸಲೆಂದೇ ಲ್ಯಾಬಿಗೆ ರಜೆ ಹಾಕಿ ಕೂತಳು. ಹಿಂದಿನ ದಿನವಷ್ಟೇ ಯಜಮಾನರು ಸಂತೆಯ ರಸ್ತೆಯನ್ನು ಅಗಲ ಮಾಡಿದ್ದರು. ಮೈದುನ ಅದೇ ಜಾಗದಲ್ಲಿ ಮನೆಯಷ್ಟು ದಪ್ಪದ ಮರ ನೆಟ್ಟಿದ್ದ. ಬೆಳಿಗ್ಗೆಯಿಂದಲೇ ಆಟಗಾರರ ಗೋಳು ಶುರುವಾಯಿತು: ಪ್ಯಾಚಕ್ಕ, ಕುದುರೆ ನಿಂತಿದೆ.

ನಾದಿನಿ ಮೊದಲು ಅಣ್ಣನ ಹತ್ತಿರ ಬಂದಳು. "ಅಷ್ಟು ಅಗಲ ಯಾಕಣ್ಣ?"

"ರಸ್ತೆ ಅಂದ್ಮೇಲೆ ಎದುರಾಬದುರಾ ಎರಡು ಗಾಡಿ ಹೋಗ್ಬೇಕು. ರೂಲ್ಸು."

"ಅಲ್ಲಿ ಓಡಾಡೋದು ಕುದುರೆ. ಅದಕ್ಕೆ ಲೈಸೆನ್ಸ್ ಇಲ್ಲ."

ಅವರು ಪೇಪರು ಬಿಡಿಸಿಕೊಂಡರು. ಅವಳು ಮಹಡಿ ಹತ್ತಿದಳು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಹಿಂದೆಯೇ ಹೋದೆ.

"ಅಲ್ಲಿ ರಸ್ತೆ ಇದೆ ಅಂತ ನಿನಗೆ ಗೊತ್ತಿತ್ತೇನೋ?" ಎಂದಳು.

"ಗೊತ್ತಿತ್ತು ಅಕ್ಕ," ಎಂದ ಮೈದುನ ತಲೆಯೆತ್ತದೆ. "ಹೇಗಿದ್ರೂ ನೀನು ಸರಿ ಮಾಡ್ತೀಯಲ್ಲ."

ನಾದಿನಿ ಸರಕ್ಕನೆ ತಿರುಗಿದಳು. ಕೆಳಗಿಳಿದು ಬಂದು ಅಡುಗೆಮನೆಯಲ್ಲಿ ಕೂತಳು. ಮುಖ ಕೆಂಪಗಾಗಿತ್ತು.

"ಅತ್ತಿಗೆ, ಇವರಿಗೆ ಜಗಳ ಇಷ್ಟು ಸಲೀಸಾಗಿರೋದು ನನ್ನಿಂದಾನೇ. ನಾನು ಉಜ್ಜಿ ಉಜ್ಜಿ ಕೊಡ್ತೀನಿ, ಇವರು ಆರಾಮಾಗಿ ಮುಖ ಊದಿಸ್ಕೊಂಡಿರ್ತಾರೆ. ಹಲ್ಲಾದ್ರೆ ಒಂದಿನ ಸರಿಯಾಗಿ ಕೂತ್ಕೊಳ್ಳುತ್ತೆ."

"ಹಾಗಾದ್ರೆ ಬಿಡು."

"ಬಿಡ್ತೀನಿ."

ಅವತ್ತೇ ತನ್ನ ತೇಪೆಯನ್ನು ತೆಗೆದುಹಾಕಿದಳು. ಅದರ ಜಾಗದಲ್ಲಿ, ರಸ್ತೆಯವರನ್ನೂ ಮರದವರನ್ನೂ ಕೇಳಿ ಎಂದು ಬರೆದು ಕೋಣೆಯ ಬಾಗಿಲು ಹಾಕಿಕೊಂಡಳು.

ಆಮೇಲಿನ ದಿನಗಳು ನನಗಂತೂ ಹಬ್ಬ. ಊರೂರಿನ ಆಟಗಾರರು ಇಬ್ಬರಿಗೂ ಛೀಮಾರಿ ಹಾಕಿದರು. ಯಜಮಾನರು ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ಸುತ್ತಾಡಿದರು. "ಅವಳಿಗೆ ಸ್ವಲ್ಪ ಬುದ್ಧಿ ಹೇಳೇ" ಎಂದರು. ಯಾರಿಗೆ ಹೇಳಬೇಕೋ ಅವರಿಗೆ ಹೇಳಿ ಸಾಕಾಗಿದೆ ಎಂದೆ. ಮೈದುನ ನೀರು ಕುಡಿಯುವ ನೆಪದಲ್ಲಿ ಕೆಳಗೆ ಬಂದು, "ಅಕ್ಕ ಏನ್ಮಾಡ್ತಿದಾಳೆ?" ಎಂದ. "ಮೆಟ್ಟಿಲು ಕಟ್ತಿದಾಳೆ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ದ್ವೀಪದ ಬಗ್ಗೆ ಅವನೂ ಕೇಳಿರಲಿಲ್ಲ, ಅವನ ಅಣ್ಣನೂ ಕೇಳಿರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ, ಊಟದ ಮೇಜಿನಲ್ಲಿ ಯಜಮಾನರು ತಂಗಿಯ ಕಡೆ ತಿರುಗಿ, "ಆ ಮರದ ಬೇರು ಎಲ್ಲೀವರೆಗೆ ಹೋಗುತ್ತೆ ಅಂತ ಕೇಳು" ಎಂದರು. ಅವಳು ತನ್ನ ಪಾಡಿಗೆ ಊಟ ಮಾಡುತ್ತಿದ್ದಳು. ಅವರು ನನ್ನ ಕಡೆ ನೋಡಿದರು. ನನಗೆ ಎಲ್ಲಿತ್ತೋ ಸಿಟ್ಟು.

"ನಿಮಗೆ ಬಾಯಿದೆ, ಅವನಿಗೆ ಕಿವಿಯಿದೆ. ನಾನಿಲ್ಲಿ ಬಡಿಸೋಕೆ ನಿಂತಿದೀನಿ, ಟಪಾಲು ಹಂಚೋಕಲ್ಲ."

ಆಮೇಲೆ ಮೈದುನ ತನ್ನ ತಟ್ಟೆಗೆ ಹೇಳುವವನಂತೆ, "ಬಲಗಡೆ ಬೇರು ಜಾಸ್ತಿ ಇಲ್ಲ" ಎಂದ.

"ಹಾಗಾದ್ರೆ ರಸ್ತೆ ಆ ಕಡೆ ತಗೋಬಹುದು," ಎಂದರು ಇವರು, ತಮ್ಮ ತಟ್ಟೆಗೆ.

"ತಗೋ."

ಎರಡು ವರ್ಷದ ಮೇಲೆ ಆಡಿದ ಮಾತು ಇಷ್ಟೇ. ಆದರೂ ರಸ್ತೆ ಬಾಗಿತು, ಕುದುರೆ ನಡೆಯಿತು. ಅವರು ಮತ್ತೆ ಬಾಯಿಗೆ ಬೀಗ ಹಾಕಿಕೊಂಡರು.

ನಾದಿನಿಯ ದ್ವೀಪ ಮುಗಿದು ಹೊರಬಂದದ್ದು ಒಂದು ಭಾನುವಾರ. ಸಂಜೆಯ ಹೊತ್ತಿಗೆ ಆಟಗಾರರು ಕಂಡುಹಿಡಿದರು: ಅಣ್ಣನ ಒಂದು ರಸ್ತೆ ನೇರ ಹೋಗಿ ಅವಳ ಸಮುದ್ರದಲ್ಲಿ ಮುಳುಗುತ್ತದೆ, ತಮ್ಮನ ಒಂದು ಮರ ಅವಳ ದೀಪಕ್ಕೇ ಅಡ್ಡ ನಿಂತಿದೆ. ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ಬಂದು ಅವಳ ಬಾಗಿಲು ತಟ್ಟಿದರು.

"ನೋಡಮ್ಮ, ಇದಕ್ಕೊಂದು ತೇಪೆ ಬೇಕಲ್ಲ," ಎಂದರು ಯಜಮಾನರು.

"ಹೌದು, ಬೇಕು. ಹಾಕಿ," ಎಂದಳು ನಾದಿನಿ. ಬಾಗಿಲು ಮುಚ್ಚಿತು.

ಇಬ್ಬರೂ ಪೆಚ್ಚಾದರು. ಆಮೇಲೆ ಮೈದುನ ಮೆಟ್ಟಿಲು ಹತ್ತಿದ. ಯಜಮಾನರು ನನ್ನ ಮುಖ ನೋಡದೆ ಅವನ ಹಿಂದೆ ಹೋದರು. ಮೇಲೆ ಒಂದು ಕುರ್ಚಿ ಎಳೆದ ಸದ್ದಾಯಿತು. ಇನ್ನೊಂದು ಕುರ್ಚಿ ಎಳೆದ ಸದ್ದಾಯಿತು. ನಾನು ಒರೆಸುವ ಬಟ್ಟೆ ಹಿಡಿದು ಮೆಟ್ಟಿಲ ಬುಡದಲ್ಲೇ ನಿಂತೆ.

"ಮೊದಲು ಹೆಸರು ಹಾಕು," ಎಂದದ್ದು ಯಜಮಾನರ ದನಿ.

"ಯಾರದು?"

"ನಿಂದು. ಅದರ ಕೆಳಗೆ ನಂದು."

"ಅದೇನು ಅವಸರ, ಆಮೇಲೆ ಹಾಕಿದ್ರಾಯ್ತು."

"ಆಮೇಲೆ ಬೇಡ. ಈಗಲೇ ಹಾಕು."

ನಾದಿನಿಗೆ ಹೇಳಬೇಕೆಂದು ಅವಳ ಬಾಗಿಲು ತಟ್ಟಲು ಕೈ ಎತ್ತಿದೆ. ಒಳಗಿನಿಂದ ಸಮುದ್ರದ ಅಲೆಯ ಸದ್ದು ಸಣ್ಣಗೆ ಕೇಳುತ್ತಿತ್ತು. ದೀಪ ಹಚ್ಚಿ ಕೂತಿದ್ದಾಳೆ ಎಂದುಕೊಂಡೆ. ಎತ್ತಿದ ಕೈ ಇಳಿಸಿ, ಸದ್ದಾಗದಂತೆ ಅಡುಗೆಮನೆಗೆ ಹೋದೆ.